ಕಬ್ಬಿನ ಗ್ಯಾಂಗ್ ಹೊರಡುವ ಮುಂಚೆ: ಗಂಡಸರ ಆಪರೇಷನ್ ನಾನು ಮಾಡಿಸಿದ ರೀತಿ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ನಮ್ಮ ಪೂರ್ವ ಭಾಗದಲ್ಲಿ ಗಂಡಸರ ಆಪರೇಷನ್ ಆಗೋದೇ ಇಲ್ಲ ಅಂತ ಮಾಸಿಕ ಮೀಟಿಂಗಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ಕಬ್ಬು ಕಡಿಯೋಕೆ ಹೋಗೋ ಮಂದಿ, ಕೇಳೋದಿಲ್ಲ, ಬಿಟ್ಟುಬಿಡಿ" ಅನ್ನೋರು. ನಾನು ಬಿಡಲಿಲ್ಲ. ನಿವೃತ್ತಿಗೆ ಮುಂಚಿನ ನಾಲ್ಕೈದು ವರ್ಷದಲ್ಲಿ ನನ್ನ ಆರೋಗ್ಯ ಉಪಕೇಂದ್ರ ಒಂದರಿಂದಲೇ ನಲವತ್ತರ ಮೇಲೆ ಎನ್‌ಎಸ್‌ವಿ (ಚಾಕು ಹಾಕದೆ ಮಾಡೋ ಗಂಡಸರ ಸಂತಾನಹರಣ ಆಪರೇಷನ್) ಕೇಸ್ ಆದವು. ಐದಾರು ಸಾವಿರ ಜನರ ಉಪಕೇಂದ್ರ ಅದು. ನಲವತ್ತು ಏನು ಮಹಾ ಅನ್ನೋರು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಲಿ. ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು ಮೂವತ್ತೆಂಟು ಮಂದಿಗೆ ಆಪರೇಷನ್ ಆಗಿದೆ. ಗಂಡಂದಿರ ಲೆಕ್ಕ 0.3. ನೂರಕ್ಕೆ ಒಬ್ಬನೂ ಇಲ್ಲ.

ಎನ್‌ಎಸ್‌ವಿ ಹೇಗೆ ಮಾಡ್ತಾರೆ ಅನ್ನೋದು ನಮ್ಮ ಸಿಸ್ಟರ್‌ಗಳಿಗೂ ಎಂಪಿಡಬ್ಲ್ಯೂಗಳಿಗೂ (ಗಂಡು ಆರೋಗ್ಯ ಕಾರ್ಯಕರ್ತರಿಗೂ) ಗೊತ್ತೇ ಇದೆ, ಅದನ್ನು ಬಿಡ್ತೀನಿ.

ಮೊದಲು ಹಳೇ ಭಯದ ಮಾತು. ನಾನು ಎಂಬತ್ತರ ದಶಕದ ಕೊನೆಗೆ ಕೆಲಸಕ್ಕೆ ಸೇರಿದಾಗ ಊರಿನ ಹಿರಿಯರು ನನ್ನ ಚೀಲ ನೋಡಿದರೆ ಸಾಕು, ಬೇರೆ ದಾರಿ ಹಿಡಿಯೋರು. ತುರ್ತುಪರಿಸ್ಥಿತಿ ಕಾಲದ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷದ ಮೇಲೆ ಆಪರೇಷನ್ ಆದವು. ಅದರಲ್ಲಿ ಅರವತ್ತು ಲಕ್ಷದ ಮೇಲೆ ಗಂಡಸರದ್ದೇ. ನಮ್ಮ ಮಹಾರಾಷ್ಟ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಡ್ಡಾಯ ಆಪರೇಷನ್ನಿಗೆ 1976ರಲ್ಲಿ ಮಸೂದೆಯನ್ನೇ ಪಾಸು ಮಾಡಿತ್ತು. ರಾಷ್ಟ್ರಪತಿಗಳ ಸಹಿ ಬೀಳಲಿಲ್ಲ, ಬಚಾವಾದೆವು. ಮರುವರ್ಷ ದೆಹಲಿಯ ಸರ್ಕಾರ ಬಿತ್ತು. ಗಂಡಸರ ಆಪರೇಷನ್ ಎರಡು ಲಕ್ಷಕ್ಕೂ ಕಮ್ಮಿಗೆ ಇಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಆ ಕೆಲಸವೆಲ್ಲ ಹೆಂಗಸರ ಹೊಟ್ಟೆ ಮೇಲೇ ಬಿದ್ದಿದೆ.

ಬಲವಂತ ಇಲ್ಲದೆ ಆಗ್ತಿರಲಿಲ್ಲವೇ ಅಂದರೆ, ಆಗಿತ್ತು. 1971ರ ಜುಲೈನಲ್ಲಿ ಕೇರಳದ ಎರ್ನಾಕುಳಂನಲ್ಲಿ ಒಂದೇ ತಿಂಗಳ ಕ್ಯಾಂಪಿನಲ್ಲಿ ಅರವತ್ಮೂರು ಸಾವಿರ ಗಂಡಸರು ಮಾಡಿಸಿಕೊಂಡರು. ದುಡ್ಡು, ಊಟ, ಉಡುಗೊರೆ, ಕರೆತರೋಕೆ ಬಸ್ಸು, ಜಾತ್ರೆಯ ಥರ ಗದ್ದಲ. ನಮ್ಮ ಹಿರಿಯ ಎಂಪಿಡಬ್ಲ್ಯೂ ಒಬ್ಬರು ಈ ಕಥೆಯನ್ನು ಪುರಾಣದ ಹಾಗೆ ಹೇಳೋರು. ನಾನೂ ಬಹಳ ದಿನ ಇದನ್ನೇ ನಂಬಿದ್ದೆ: ಜಾತ್ರೆ ಮಾಡಬೇಕು, ಆಗ ಜನ ಬರ್ತಾರೆ.

ಹಾಗಾಗಿ ಜಾತ್ರೆಯನ್ನೇ ಮಾಡಿ ನೋಡಿದೆ. ನಮ್ಮ ಕಡೆ ಹರದೇಶಿ-ನಾಗೇಶಿ ಹಾಡಿಕೆ ಅಂದರೆ ಜನ ರಾತ್ರಿಯಿಡೀ ಕೂತು ಕೇಳ್ತಾರೆ. ಎರಡು ಮೇಳ ಕರೆಸಿದೆ. ಒಂದು ಮೇಳ ಚಿಕ್ಕ ಸಂಸಾರದ ಪರ, ಇನ್ನೊಂದು ದೊಡ್ಡ ಸಂಸಾರದ ಪರ ಹಾಡಬೇಕು ಅಂತ ಹೇಳಿದೆ. ಏಳೋ ಎಂಟೋ ಸಾವಿರ ಖರ್ಚಾಯ್ತು. ಅರ್ಧ ಪಂಚಾಯ್ತಿಯವರು ಕೊಟ್ಟರು, ಅರ್ಧ ನನ್ನ ಜೇಬಿನಿಂದ ಹೋಯ್ತು. ದೊಡ್ಡ ಸಂಸಾರದ ಪರ ಹಾಡಿದವಳ ಗಂಟಲು ಏನು ಗಂಟಲು ಅಂತೀರಿ! ಧರ್ಮರಾಯನಿಗೆ ನಾಲ್ವರು ತಮ್ಮಂದಿರು ಇರದಿದ್ದರೆ ರಾಜ್ಯ ಎಲ್ಲಿ ಸಿಕ್ತಿತ್ತು ಅಂತ ಒಂದು ಎಳೆ ಎತ್ತಿದಳು ನೋಡಿ, ಎದುರು ಮೇಳ ಅಲ್ಲಿಗೇ ಸುಸ್ತು. ಚಪ್ಪಾಳೆ, ಸಿಳ್ಳೆ, ಆಯೇರಿ ಎಲ್ಲಾ ಅವಳಿಗೇ. ಆ ವರ್ಷ ನನಗೆ ಒಂದು ಕೇಸೂ ಬರಲಿಲ್ಲ. ಹಾಡಿಕೆ ಮತ್ತೊಮ್ಮೆ ಯಾವಾಗ ಇಡ್ತೀರಿ ಅಂತ ಮಾತ್ರ ವರ್ಷಗಟ್ಟಲೆ ಕೇಳಿದರು.

ಇನ್ನು ಸರ್ಕಾರದ ದಿನಾಂಕಗಳನ್ನು ನೋಡಿ. ಜುಲೈ 11 ವಿಶ್ವ ಜನಸಂಖ್ಯಾ ದಿನ, ಅಲ್ಲಿಂದ ಎರಡು ವಾರ ಪಖವಾಡಾ. ನಮ್ಮಲ್ಲಿ ಆಗ ಮಳೆ ಬಂದಿದ್ದರೆ ಸಜ್ಜೆ, ತೊಗರಿಯ ಬಿತ್ತನೆ, ಎಡೆ ಹೊಡೆಯೋದು. ಬಂದಿಲ್ಲದಿದ್ದರೆ ಎಲ್ಲರೂ ಆಕಾಶ ನೋಡ್ತಾ ಕೂತಿರ್ತಾರೆ, ಮಾತೂ ಬೇಡ. ಆಮೇಲೆ ಗಂಡಸರಿಗೇ ಅಂತ ಇರೋ ನಸಬಂದಿ ಪಖವಾಡಾ: ನವೆಂಬರ್ 21ರಿಂದ ಡಿಸೆಂಬರ್ 4. ದೆಹಲಿಯಲ್ಲಿ ಕೂತು ನೋಡಿದರೆ ಒಳ್ಳೇ ಹವೆ, ಚಳಿಗಾಲ, ಗಾಯ ಬೇಗ ಮಾಗುತ್ತೆ. ಆದರೆ ನಮ್ಮ ಊರುಗಳಲ್ಲಿ ಆ ಹೊತ್ತಿಗೆ ಯಾರಿರ್ತಾರೆ? ದೀಪಾವಳಿ ಆಗ್ತಿದ್ದ ಹಾಗೆ ಟ್ರ್ಯಾಕ್ಟರು, ಲಾರಿ ತುಂಬಿಕೊಂಡು ಗ್ಯಾಂಗುಗಳು ಕಬ್ಬು ಕಡಿಯೋಕೆ ಹೊರಟಿರ್ತವೆ. ಊರಲ್ಲಿ ಮುದುಕರು, ಶಾಲೆ ಮಕ್ಕಳು, ಕುರಿಗಳು. ಬ್ಯಾನರ್ ಕಟ್ಟಿ, ಮೈಕ್ ಹಚ್ಚಿ, ಎಪ್ಪತ್ತು ದಾಟಿದ ಅಜ್ಜಂದಿರಿಗೆ ನಸಬಂದಿ ಬಗ್ಗೆ ಭಾಷಣ ಮಾಡಿ ಬಂದಿದ್ದೇನೆ. ಫೋಟೋ ಮೇಲಕ್ಕೆ ಹೋಯ್ತು, ವರದಿಯಲ್ಲಿ ಸೊನ್ನೆ.

ಇದನ್ನು ಮೇಲಿನವರಿಗೆ ಹೇಳಿದೆ. ಸೆಪ್ಟೆಂಬರಿನಲ್ಲಿ ಒಂದು ದಿನ ಸರ್ಜನ್ ಕೊಡಿ, ಬೇರೇನೂ ಬೇಡ ಅಂದೆ. "ಪಖವಾಡಾ ನವೆಂಬರಿನಲ್ಲಿದೆ, ನೀವೇನು ಹೊಸದು ಹೇಳೋದು" ಅಂತ ಉತ್ತರ ಬಂತು. ನನ್ನ ಜೊತೆಯವರು ಬೇರೆ ಹೆದರಿಸಿದರು. ಸೆಪ್ಟೆಂಬರ್ ಅಂದರೆ ಗಣಪತಿ, ಆಮೇಲೆ ಪಕ್ಷಮಾಸ. ಹಿರಿಯರಿಗೆ ಎಡೆ ಇಡೋ ಹದಿನೈದು ದಿನದಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಬರ್ತಾರಾ ಅಂತ.

ನನ್ನ ಲೆಕ್ಕ ಉಲ್ಟಾ ಇತ್ತು. ಪಕ್ಷದಲ್ಲಿ ಮದುವೆ ಇಲ್ಲ, ಮನೆ ಕಟ್ಟೋದಿಲ್ಲ, ಹೊಸ ಕೆಲಸ ಹಿಡಿಯೋದಿಲ್ಲ. ಕಳೆ ತೆಗೆದು ಮುಗಿದಿರುತ್ತೆ. ಮುಕಾದಮ (ಗ್ಯಾಂಗಿನ ಮೇಸ್ತ್ರಿ) ಉಚಲ್ (ಮುಂಗಡ ಸಾಲ) ಕೊಟ್ಟಿರ್ತಾನೆ, ಹೊರಡೋಕೆ ಇನ್ನೂ ಟೈಮಿದೆ. ಗಂಡಸರು ಕಟ್ಟೆ ಮೇಲೆ ಕೂತಿರ್ತಾರೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತೆ. ಹಿರಿಯರು ಬೇಡ ಅಂದರು, ಹೌದು. ಆದರೆ ಆಪರೇಷನ್ ಹಿರಿಯರಿಗಲ್ಲವಲ್ಲ. ಮೂವತ್ತರ ಆಸುಪಾಸಿನ ಹುಡುಗರು ಪಕ್ಷದ ಮಾತೇ ಎತ್ತಲಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. ಕಬ್ಬಿನಲ್ಲಿ ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ. ಉಚಲ್ ಕೊಡೋದು ಜೋಡಿಗೆ, ಒಬ್ಬರಿಗಲ್ಲ. ಗಂಡ ಕಡಿಯುತ್ತಾನೆ, ಹೆಂಡತಿ ರವದಿ (ಒಣ ಸೋಗೆ) ತೆಗೆದು ಕಟ್ಟು ಕಟ್ಟಿ ತಲೆ ಮೇಲೆ ಹೊತ್ತು ಹಲಗೆ ಹತ್ತಿ ಲಾರಿಗೆ ಏರಿಸ್ತಾಳೆ. ಮೂವತ್ತು-ನಲವತ್ತು ಕಿಲೋ ಕಟ್ಟು. ಹೊಟ್ಟೆಯ ಆಪರೇಷನ್ ಆದವಳು ಅದನ್ನು ಎಷ್ಟು ದಿನ ಹೊರಬಾರದು ಅಂತ ಸಿಸ್ಟರ್‌ಗಳಿಗೆ ನಾನು ಹೇಳಬೇಕಿಲ್ಲ. ಅವಳು ಕೂತರೆ ಅರ್ಧ ಕೊಯ್ತಾ ನಿಂತ ಹಾಗೆ. ಗೈರಾದ ದಿನಕ್ಕೆ ಮುಕಾದಮ ನಾನೂರು-ಐನೂರು ಹಿಡೀತಾನೆ. ಗಂಡಸಿಗಾದರೆ ಎರಡು ದಿನ ಪೂರ್ತಿ ಆರಾಮ, ಒಂದು ವಾರ ಭಾರ ಎತ್ತೋದು ಬೇಡ, ಸೈಕಲ್ ಬೇಡ. ಅದೂ ಊರಲ್ಲೇ ಮುಗಿದುಹೋಗುತ್ತೆ, ಗ್ಯಾಂಗಿಗೆ ಒಂದು ದಿನವೂ ಲುಕ್ಸಾನಿಲ್ಲ.

ನಾನು ಜನಸಂಖ್ಯೆ, ದೇಶ, ಭೂಮಿ ಭಾರ ಇದೆಲ್ಲ ಬಿಟ್ಟೆ. ಉಪಕೇಂದ್ರದ ಹಳೇ ರಜಿಸ್ಟರಿನ ಹಿಂದಿನ ಪುಟದಲ್ಲಿ ಈ ಲೆಕ್ಕ ಬರೆದು ತೋರಿಸ್ತಿದ್ದೆ. ಅವರ ಮುಂದೇ ಬರೀಬೇಕು, ಮೊದಲೇ ಬರೆದುಕೊಂಡು ಹೋದರೆ ನಂಬೋದಿಲ್ಲ. ಅಂಕಿ ಅವರೇ ಹೇಳಬೇಕು. ಒಬ್ಬ ತನ್ನ ಬೆರಳಿನಿಂದ ಗೋಡೆಯ ಧೂಳಿನ ಮೇಲೆ ಕೂಡಿಸಿ ಕಳೆದು, "ಅಂದ್ರ ಆಕಿಗೆ ಮಾಡ್ಸಿದ್ರ ನಂದು ಹತ್ತು-ಹನ್ನೆಡ್ಡು ಸಾವಿರ ಹೋಗ್ತದಲ್ರಿ ಸಾಹೇಬ್ರ" ಅಂದ. ಹೆಂಡತಿ ಒಲೆ ಮುಂದೆ ಕೂತಿದ್ದವಳು ತಿರುಗಿ ನೋಡಿದಳು. "ನನ್ನ ಜೀವದ್ದು ಲೆಕ್ಕಾ ಎಲ್ಲೈತಿ ಅದರಾಗ?" ಅಂತ ಕೇಳಿದಳು. ಅವನು ಸುಮ್ಮನಾದ. ಮರುವಾರ ಗಾಡಿ ಹತ್ತಿದ.

ಸರ್ಕಾರ ಕೊಡೋ ದುಡ್ಡಿನ ಬಗ್ಗೆ ಎಲ್ಲರೂ ಜಾಸ್ತಿ ಮಾತಾಡ್ತಾರೆ. 2007ರಲ್ಲಿ ಗಂಡಸಿಗೆ 1100, ಬಡತನ ರೇಖೆಯ ಕೆಳಗಿನ ಹೆಂಗಸಿಗೆ 600 ಅಂತ ಕೇಂದ್ರ ಮಾಡಿತು. ಕೇಸ್ ತಂದವರಿಗೆ 200. ರಾಜ್ಯದ್ದು ಸೇರಿ ಗಂಡಸಿನ ಕೈಗೆ ಸಾವಿರದ ನಾನೂರು ಚಿಲ್ಲರೆ ಆಗುತ್ತೆ. ಖಾತೆಗೆ ಬೀಳೋಕೆ ಎಷ್ಟೋ ಸಲ ತಿಂಗಳುಗಟ್ಟಲೆ ಬೇಕು. ಒಂದು ವಾರದ ಕೂಲಿ ಇದಕ್ಕಿಂತ ಜಾಸ್ತಿ. ಹಾಗಿದ್ದ ಮೇಲೆ ಈ ದುಡ್ಡಿಗಾಗಿ ಯಾರು ಬರ್ತಾರೆ? ನನ್ನ ಕೇಸ್‌ಗಳಲ್ಲಿ ಒಬ್ಬನೂ ದುಡ್ಡಿಗೆ ಬಂದವನಲ್ಲ. ಆದರೆ ದುಡ್ಡು ತಡವಾದರೆ ಮುಂದಿನವನು ಬರೋದಿಲ್ಲ, ಇದು ಮಾತ್ರ ನಿಜ. ಅದಕ್ಕೆ ಕೆಲವು ಸಲ ಐನೂರು ನಾನೇ ಮುಂಗಡ ಕೊಟ್ಟು ಆಮೇಲೆ ವಸೂಲು ಮಾಡಿದ್ದೇನೆ. ಎರಡು-ಮೂರು ಸಲ ಬರಲೇ ಇಲ್ಲ, ಹೋಗ್ಲಿ.

ಇನ್ನು ತಾಕತ್ತಿನ ಭಯ. "ಗಂಡಸ್ತನ ಹೋಗ್ತದ, ಭಾರ ಎತ್ತಾಕ ಆಗೂದಿಲ್ಲ." ಇದಕ್ಕೆ ಚಿತ್ರ ತೋರಿಸಿ, ನರ-ನಾಳ ವಿವರಿಸಿ ಉಪಯೋಗವಿಲ್ಲ, ನಾನು ಮಾಡಿ ಸಾಕಾಗಿದೆ. ನನ್ನ ಮೊದಲ ಒಳ್ಳೇ ಕೇಸ್ ಒಬ್ಬ ಹಮಾಲ. ಮಾರ್ಕೆಟ್‌ನಲ್ಲಿ ಚೀಲ ಹೊರೋದು ಅವನ ಕೆಲಸ. ಆಪರೇಷನ್ ಆಗಿ ಎರಡು ತಿಂಗಳಿಗೆ ಅವನನ್ನು ಏನೂ ಮಾತಾಡಿಸದೆ ಚಹಾದಂಗಡಿ ಮುಂದೆ ಕೂರಿಸಿದೆ. ಅಷ್ಟೇ. ಲಾರಿ ಬಂದಾಗ ಎದ್ದು ಹೋಗಿ ಚೀಲ ಹೊತ್ತ, ಮತ್ತೆ ಬಂದು ಕೂತ. ಉಳಿದದ್ದು ಅಲ್ಲಿದ್ದವರೇ ಕೇಳಿಕೊಂಡರು. ಏನು ಕೇಳಿದರು ಅಂತ ನಾನು ವಿಚಾರಿಸಲಿಲ್ಲ, ವಿಚಾರಿಸಲೂಬಾರದು.

ಲಂಗೋಟಿ ವಿಷಯ ಹೇಳಲೇಬೇಕು. ಆಪರೇಷನ್ ಆದ ಮೇಲೆ ಕೆಳಗೆ ಬಿಗಿಯಾದ ಆಧಾರ ಬೇಕು, ಇಲ್ಲದಿದ್ದರೆ ಜೋತುಬಿದ್ದು ನೋವು, ಬಾವು. ಸಪ್ಲೈನಲ್ಲಿ ಬರೋ ಪಟ್ಟಿ ಒಬ್ಬರಿಗೂ ಸರಿಯಾಗಿ ಕೂರ್ತಿರಲಿಲ್ಲ. ಮೊದಲ ವರ್ಷ ಇಬ್ಬರಿಗೆ ಬಾವು ಬಂದು, ಅವರು ಊರೆಲ್ಲ ಕಾಲು ಅಗಲಿಸಿಕೊಂಡು ನಡೆದಾಡಿ, ನನ್ನ ಒಂದು ಸೀಸನ್ನೇ ಹಾಳಾಯ್ತು. ನಮ್ಮ ಕಡೆ ಕುಸ್ತಿಯ ಹುಚ್ಚು ಇದ್ದೇ ಇದೆ. ಊರಿನ ಟೇಲರ್‌ಗೆ ಹೇಳಿ ಮೆತ್ತನೆ ಬಟ್ಟೆಯಲ್ಲಿ ಪೈಲ್ವಾನರ ಲಂಗೋಟಿ ಹೊಲಿಸಿದೆ. ಒಂದಕ್ಕೆ ಮೂವತ್ತೋ ಮೂವತ್ತೈದೋ ಬಿತ್ತು. ಪಟ್ಟಿ ಕಟ್ಟಿಕೊಂಡರೆ ರೋಗಿ ಅನ್ನಿಸ್ತಿತ್ತು, ಲಂಗೋಟಿ ಕಟ್ಟಿದರೆ ಪೈಲ್ವಾನ! ಬಾವು ಬರೋದು ಹೆಚ್ಚುಕಡಿಮೆ ನಿಂತೇಹೋಯ್ತು. ಅಳತೆ ಮತ್ತು ಒಳಪದರ ಹೇಗಿರಬೇಕು ಅನ್ನೋದು ಟೇಲರಿಗೂ ನನಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ಇರಲಿ ಬಿಡಿ.

ಎಲ್ಲಕ್ಕಿಂತ ಕಷ್ಟದ ಭಾಗ ಮೂರು ತಿಂಗಳದ್ದು. ಆಪರೇಷನ್ ಆದ ದಿನದಿಂದಲೇ ಕೆಲಸ ಮುಗೀತು ಅಂತ ಗಂಡಸರು ತಿಳಿದುಕೊಳ್ತಾರೆ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ಖಾಲಿ ಅಂತ ಬಂದ ಮೇಲೇ ನಿಶ್ಚಿಂತೆ. ಶುರುವಿನಲ್ಲಿ ಒಬ್ಬ ಇದನ್ನು ಕೇಳಲಿಲ್ಲ. ಹೆಂಡತಿಗೆ ಮುಟ್ಟು ನಿಂತಿತು. ಊರಿನ ಬಾಯಿ ಗೊತ್ತಲ್ಲ, ಆ ಹೆಣ್ಣುಮಗಳ ಮೇಲೆ ಏನೇನೋ ಮಾತು ಬಂತು. ರಾತ್ರಿ ಅವರ ಮನೆಗೆ ಹೋಗಿ, ಅವನ ಅವ್ವನ ಎದುರಿಗೆ, ದಿನಾಂಕ ಲೆಕ್ಕ ಹಾಕಿ ತೋರಿಸಿದೆ. ಮಗು ಅವನದ್ದೇ ಅಂತ ಎಲ್ಲರಿಗೂ ಅರ್ಥವಾಯ್ತು. ಆಪರೇಷನ್ ಫೇಲಾದರೆ ಸರ್ಕಾರದಿಂದ ಪರಿಹಾರ ಅಂತ ಇದೆ, ಆದರೆ ಇದು ಫೇಲಾದದ್ದಲ್ಲ, ಮೂರು ತಿಂಗಳು ಕಾಯದೇ ಇದ್ದದ್ದು. ಅಲ್ಲಿಂದ ಮುಂದೆ ನಿರೋಧ್ ಪ್ಯಾಕೆಟ್ಟನ್ನು ಎಣಿಸಿ ಹೆಂಡತಿಯ ಕೈಗೇ ಕೊಡೋದು ಶುರು ಮಾಡಿದೆವು, ಆಶಾ ತಾಯಿಯವರ ಮೂಲಕ. ಗ್ಯಾಂಗಿನ ಜೊತೆ ಹೋಗೋರಿಗೆ ಮೂರು ತಿಂಗಳದ್ದು ಒಟ್ಟಿಗೆ, ಹಿಟ್ಟಿನ ಡಬ್ಬಿಯಲ್ಲಿ.

ಪರೀಕ್ಷೆಗೆ ಬಾಟಲಿ ತರಿಸೋದು ಇನ್ನೊಂದು ತಲೆನೋವು. ಲ್ಯಾಬಿನ ಮುಂದೆ ಸಾಲಿನಲ್ಲಿ ನಿಂತು ಯಾವ ಗಂಡಸೂ ಅದನ್ನು ಕೊಡೋದಿಲ್ಲ. ನನ್ನವರಲ್ಲಿ ಮುಕ್ಕಾಲು ಪಾಲು ಕೊಟ್ಟರು. ಹೇಗೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಎದುರು ಸಿಕ್ಕಾಗ ಕೇಳಿ, ಹೇಳ್ತೀನಿ.

ಹೆಂಡತಿಯರೇ ಬೇಡ ಅಂದದ್ದೂ ಉಂಟು. ಅರ್ಧದಷ್ಟು ಮನೆಗಳಲ್ಲಿ "ಅವರಿಗೇನೂ ಮಾಡಬ್ಯಾಡ್ರಿ, ನನಗ ಮಾಡ್ರಿ" ಅಂದವರು ಅವರೇ. 2019ರಲ್ಲಿ ಬೀಡ್ ಜಿಲ್ಲೆಯಲ್ಲಿ ಕಬ್ಬಿನ ಹೆಂಗಸರ ಗರ್ಭಕೋಶವನ್ನೇ ಸಾಲಾಗಿ ತೆಗೆಸಿದ ಸುದ್ದಿ ಹೊರಗೆ ಬಂತಲ್ವಾ, ಆಮೇಲೆ ಸ್ವಲ್ಪ ಬದಲಾಯಿತು. ಗ್ಯಾಂಗುಗಳಲ್ಲಿ ಬೀಡಿನವರೂ ನಮ್ಮವರೂ ಅಕ್ಕಪಕ್ಕದ ಜೋಪಡಿಗಳಲ್ಲಿ ಇರ್ತಾರೆ, ಮಾತು ಹರಡುತ್ತೆ. ಕ್ಯಾಂಪಿನ ಹೆದರಿಕೆಯಂತೂ ಮೊದಲೇ ಇತ್ತು. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ ಎಂಬತ್ತಮೂರು ಹೆಂಗಸರಿಗೆ ಮಾಡಿ, ಹದಿಮೂರು ಮಂದಿ ಸತ್ತರು. ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾನು ಹಾಗಾಗಿ ಕ್ಯಾಂಪ್ ಕೇಳಲೇ ಇಲ್ಲ. ಒಂದು ಗಾಡಿ, ಮೂರು-ನಾಲ್ಕು ಜನ, ಅದಕ್ಕಿಂತ ಜಾಸ್ತಿ ಕೂಡದು.

ಮುಕಾದಮನ ವಿಷಯದಲ್ಲಿ ಹುಷಾರು. ಯಾವ ಜೋಡಿ ಯಾವ ದಿನ ಹೊರಡುತ್ತೆ ಅನ್ನೋದು ಅವನ ಹತ್ತಿರ ಮಾತ್ರ ಸಿಗುತ್ತೆ, ಅಷ್ಟನ್ನು ತಗೊಳ್ಳಿ. ಆಪರೇಷನ್ನಿನ ಮಾತು ಅವನ ಬಾಯಿಂದ ಬರಕೂಡದು. ಅವನ ಸಾಲ ಇವರ ತಲೆ ಮೇಲಿದೆ. ಅವನು "ಮಾಡಿಸ್ಕೋ" ಅಂದರೆ ಅದು 1976ರ ತಲಾಠಿ (ಗ್ರಾಮ ಲೆಕ್ಕಿಗ), ಮಾಸ್ತರರು ಹೇಳಿದ ಹಾಗೇ ಆಯ್ತು. ಒಬ್ಬ ಮುಕಾದಮ ಉತ್ಸಾಹದಿಂದ ಐದು ಹೆಸರು ಬರೆದು ತಂದಿದ್ದ. ಐದನ್ನೂ ಬಿಟ್ಟೆ. ಟಾರ್ಗೆಟ್ ಕಾಲದಲ್ಲಾಗಿದ್ದರೆ ಬಿಡ್ತಿದ್ದೆನೋ ಇಲ್ಲವೋ! ಆಗ ಕೇಸ್ ಕಮ್ಮಿಯಾದರೆ ಇನ್‌ಕ್ರಿಮೆಂಟ್ ನಿಲ್ಲೋದು. 1996ರ ಏಪ್ರಿಲ್‌ನಿಂದ ಟಾರ್ಗೆಟ್ ಇಲ್ಲ ಅಂದರು. ಆಮೇಲೆ ಇಎಲ್‌ಎ (ನಿರೀಕ್ಷಿತ ಸಾಧನೆಯ ಮಟ್ಟ) ಅಂತ ಬಂತು, ಅಂದರೆ ಅದೇ ಟಾರ್ಗೆಟ್, ಹೊಸ ಅಂಗಿ.

ಮಧ್ಯದಲ್ಲಿ ಒಂದು ಸೀರೆ ಪ್ರಯೋಗವನ್ನೂ ಮಾಡಿದ್ದೆ. ಪಕ್ಕದ ಸಾತಾರಾ ಜಿಲ್ಲೆಯಲ್ಲಿ 2007ರಲ್ಲಿ ಹನಿಮೂನ್ ಪ್ಯಾಕೇಜ್ ಅಂತ ತಂದಿದ್ದರು. ಮದುವೆಯಾಗಿ ಎರಡು ವರ್ಷ ಮಕ್ಕಳನ್ನು ಮುಂದೂಡಿದರೆ 5000, ಮೂರು ವರ್ಷಕ್ಕೆ 7500. ನನ್ನ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು. ಅಂಗಡಿಯವರೊಬ್ಬರನ್ನು ಹಿಡಿದು ಎರಡು ವರ್ಷ ತಡೆದವರಿಗೆ ಒಂದು ಇಳಕಲ್ ಸೀರೆ ಅಂತ ಸಾರಿದೆ. ಐದಾರು ಸೀರೆ ತಂದಿಟ್ಟೆ. ಯಾರೂ ಬರಲಿಲ್ಲ. ಸೀರೆ ತಗೊಂಡರೆ ಊರಿಗೆಲ್ಲ "ಇನ್ನೂ ಮಕ್ಕಳಾಗಿಲ್ಲ" ಅಂತ ಡಂಗುರ ಹೊಡೆದ ಹಾಗಲ್ಲವೇ ಅಂತ ಒಬ್ಬ ಅತ್ತೆ ನನ್ನನ್ನೇ ಬೈದಳು. ಅವಳ ಮಾತು ಸರಿ ಇತ್ತು. ಕೊನೆಗೆ ಸೀರೆಗಳು ಆಶಾ ತಾಯಿಯರಿಗೆ ಹೋದವು.

ಕಾನೂನು ಕೆಲಸ ಮಾಡಲಿಲ್ಲವೇ ಅಂತ ಕೇಳ್ತಾರೆ. ಮಹಾರಾಷ್ಟ್ರದಲ್ಲಿ 2001ರ ಸೆಪ್ಟೆಂಬರ್ 12ರ ಆಚೆ ಮೂರನೇ ಮಗು ಆದರೆ ಗ್ರಾಮ ಪಂಚಾಯ್ತಿಗೆ ನಿಲ್ಲೋ ಹಾಗಿಲ್ಲ. 2005ರಿಂದ ಸರ್ಕಾರಿ ನೌಕರಿಗೂ ಚಿಕ್ಕ ಕುಟುಂಬದ ಪ್ರಮಾಣಪತ್ರ ಬೇಕು. ನಮ್ಮದು ಗಡಿ. ಇಲ್ಲಿ ಮೂರು ಮಕ್ಕಳ ಅಪ್ಪ ಮೆಂಬರ್ ಆಗೋ ಹಾಗಿಲ್ಲ, ಆಚೆ ಕರ್ನಾಟಕದ ಚಡಚಣದ ಕಡೆ ಅವನ ಭಾವ ನಾಲ್ಕು ಮಕ್ಕಳಿಟ್ಟುಕೊಂಡು ಪಂಚಾಯ್ತಿಯಲ್ಲಿ ಕೂತಿರ್ತಾನೆ. ಇಲ್ಲಿನವರು ಏನು ಮಾಡ್ತಾರೆ? ಮೂರನೆಯದನ್ನು ತಮ್ಮನ ರೇಷನ್ ಕಾರ್ಡಿಗೆ ಹಾಕ್ತಾರೆ, ಹೆರಿಗೆಗೆ ಆಚೆ ತವರಿಗೆ ಕಳಿಸ್ತಾರೆ. ಇದಕ್ಕಿಂತ ಕೆಟ್ಟದ್ದೂ ಇದೆ. ಎರಡೇ ಅಂದರೆ ಎರಡರಲ್ಲಿ ಒಂದು ಗಂಡಾಗಲೇಬೇಕು ಅನ್ನೋ ಹಟ. ಲಿಂಗ ಪತ್ತೆ ತಡೆಯೋಕೆ ದೇಶಕ್ಕಿಂತ ಮುಂಚೆ, 1988ರಲ್ಲೇ ಕಾನೂನು ಮಾಡಿದ ರಾಜ್ಯ ನಮ್ಮದು. ಆದರೂ 2017ರಲ್ಲಿ ನಮ್ಮದೇ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ ಹಳ್ಳದ ಬದಿಯ ಮಣ್ಣಲ್ಲಿ ಹತ್ತೊಂಬತ್ತು ಭ್ರೂಣ ಸಿಕ್ಕವು. ಆ ವಾರ ನಾನು ಯಾರ ಮನೆಗೂ ಕೌನ್ಸೆಲಿಂಗಿಗೆ ಹೋಗಲಿಲ್ಲ.

ಈಗ ಗಾಳಿಯೇ ತಿರುಗಿದೆ. 1994ರಿಂದ ಇದ್ದ ಎರಡು ಮಕ್ಕಳ ನಿಯಮವನ್ನು ಆಂಧ್ರ 2024ರಲ್ಲಿ ತೆಗೆದುಹಾಕಿತು. ಇನ್ನೂ ಜಾಸ್ತಿ ಮಕ್ಕಳು ಬೇಕು ಅಂತ ಅಲ್ಲಿನ ಮುಖ್ಯಮಂತ್ರಿಯೇ ಹೇಳ್ತಿದ್ದಾರೆ. ಚೀನಾ ಒಂದೇ ಸಾಕು ಅಂತಿದ್ದದ್ದು 2016ರಲ್ಲಿ ಎರಡು, 2021ರಲ್ಲಿ ಮೂರು ಅಂದಿತು, ಜನ ಕೇಳ್ತಿಲ್ಲ. ಸಿಂಗಾಪುರ ಎಪ್ಪತ್ತರ ದಶಕದಲ್ಲಿ ಎರಡಕ್ಕೆ ನಿಲ್ಲಿಸಿ ಅಂದು, 1987ರಲ್ಲಿ ಶಕ್ತಿಯಿದ್ದರೆ ಮೂರು ಮಾಡಿಕೊಳ್ಳಿ ಅಂತ ಮಾತು ತಿರುಗಿಸಿತು. 2019-21ರ ಅದೇ ಸಮೀಕ್ಷೆಯಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರರಲ್ಲೂ ಹೆಣ್ಣಿಗೆ ಸರಾಸರಿ 1.7 ಮಗು, ಎರಡಕ್ಕೂ ಕಮ್ಮಿ. ಕಾನೂನು ಇದ್ದ ಕಡೆಯೂ ಅಷ್ಟೇ, ಇಲ್ಲದ ಕಡೆಯೂ ಅಷ್ಟೇ. ಹಾಗಾದರೆ ಆಪರೇಷನ್ ಇನ್ನು ಯಾಕೆ ಅಂತ ಹೊಸ ಹುಡುಗನೊಬ್ಬ ನನ್ನನ್ನು ಕೇಳಿದ. ಎರಡು ಸಾಕು ಅಂತ ತೀರ್ಮಾನಿಸಿದ ಮನೆಯಲ್ಲಿ ಹಲಗೆ ಹತ್ತೋಳ ಹೊಟ್ಟೆಯನ್ನೇ ಯಾಕೆ ಕೊಯ್ಯಬೇಕು ಅಂತ ನಾನು ಅವನನ್ನೇ ತಿರುಗಿ ಕೇಳಿದೆ.

ಮಾಡೋ ಮನಸ್ಸಿರೋರಿಗೆ ಖರ್ಚಿನ ಅಂದಾಜು. ಕ್ರೂಸರ್ ಗಾಡಿ ಒಂದು ಟ್ರಿಪ್ಪಿಗೆ ಸಾವಿರದ ಐನೂರಿನಿಂದ ಎರಡು ಸಾವಿರ, ಲಂಗೋಟಿ, ಎರಡು ಹೊತ್ತಿನ ಊಟ, ಫೋನ್ ಖರ್ಚು. ಒಂದು ಕೇಸಿಗೆ ಎಂಟುನೂರರ ಹತ್ತಿರ ಬೀಳುತ್ತೆ. ಅದರಲ್ಲಿ ಸರ್ಕಾರದಿಂದ ವಾಪಸ್ ಬರೋದು ಅರ್ಧಕ್ಕಿಂತ ಕಮ್ಮಿ. ಉಳಿದದ್ದಕ್ಕೆ ಪಂಚಾಯ್ತಿಯ ಒಳ್ಳೇ ಗ್ರಾಮಸೇವಕರನ್ನು ಹಿಡೀಬೇಕು. ಆಂಬ್ಯುಲೆನ್ಸ್ ಮಾತ್ರ ಬೇಡವೇ ಬೇಡ. ಅದು ಮನೆ ಮುಂದೆ ಬಂದು ನಿಂತರೆ ಯಾರೂ ಹತ್ತೋದಿಲ್ಲ. ಗಾಡಿ ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಲಿ, ಬೆಳಗ್ಗೆ ಆರರೊಳಗೆ.

ಎನ್‌ಎಸ್‌ವಿ ಕಲಿತ ಸರ್ಜನ್‌ಗಳು ಜಿಲ್ಲೆಗೆ ಕೆಲವೇ ಮಂದಿ. ಸೆಪ್ಟೆಂಬರಿನ ದಿನಾಂಕವನ್ನು ಜೂನ್‌ನಲ್ಲೇ ಬರೆಸಿಡಿ, ಆಗಸ್ಟಿನಲ್ಲಿ ಇನ್ನೊಮ್ಮೆ ಫೋನ್ ಮಾಡಿ ನೆನಪಿಸಿ. ಗಣಪತಿಯ ವಾರ ಕ್ರೂಸರ್ ಸಿಗೋದಿಲ್ಲ.